ಕುಬಸಕ್ಕೆ ಮುಟ್ಟಬೇಕಾದ ಮದುವೆ

ಗಂಗಾವತಿಯಿಂದ ನನ್ನ ಕೊಪ್ಪಳದ ಅಂಗಡಿಗೆ ಇಬ್ಬರು ಬಂದರು. ಇಬ್ಬರೂ ಬೇರೆ ಬೇರೆ ಕಂಪ್ಯೂಟರ್ ಕೇಳಿದರು. ಕೊಳ್ಳಲು ಬಂದದ್ದು ಮಾತ್ರ ಒಂದನ್ನೇ. ಬಿಡಿಭಾಗ ತರಿಸಿ, ಗಿರಾಕಿಗೆ ತಕ್ಕಂತೆ ಮಷೀನು ಜೋಡಿಸಿ ಕೊಡುವ ನನ್ನಂಥವನು ಇಂಥ ಹೊತ್ತಿನಲ್ಲಿ ಷಟರ್ ಎಳೆದು ಮನೆಗೆ ಹೋಗಬೇಕು. ನಾನು ಚಹಾ ತರಿಸಿದೆ.

ಒಬ್ಬರು ಫೋಟೋ ಸ್ಟುಡಿಯೋದ ಮಾಲೀಕರು. ಅಕ್ಕಿ ಗಿರಣಿಗಳ ಸಾಲಿನಲ್ಲೇ ಅವರ ಸ್ಟುಡಿಯೋ. ಕೊರೋನಾ ಇಳಿದು, ತಡೆದು ನಿಂತಿದ್ದ ಮದುವೆಗಳೆಲ್ಲ ಒಮ್ಮೆಲೇ ನುಗ್ಗಿದ್ದ ಕಾಲ ಅದು. ಮದುವೆಯ ವಿಡಿಯೋ ತೆಗೆಯುವುದು ಅವರ ಮಗ. ಅದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕುವ ಕೆಲಸ ಹೊಸಪೇಟೆಗೆ ಹೋಗುತ್ತಿತ್ತು. ಆ ಕೆಲಸಕ್ಕೆ ನಮ್ಮ ಕಡೆ ಮಿಕ್ಸಿಂಗ್ ಎನ್ನುತ್ತಾರೆ. ಇನ್ನೊಬ್ಬಳು ಅವರ ಸೊಸೆ. ಕುಷ್ಟಗಿಯ ಹುಡುಗಿ. ಮಿಕ್ಸಿಂಗನ್ನು ತಾನಾಗಿಯೇ ಕಲಿತುಕೊಂಡಿದ್ದಳು. ಕಲಿತದ್ದಕ್ಕೆ ಮಾವನ ಅಂಗಡಿಯಲ್ಲಿ ಸಿಕ್ಕ ಹುದ್ದೆ ಎಂದರೆ ಪಾಸ್‌ಪೋರ್ಟ್ ಫೋಟೋಗಳ ಹಿಂದೆ ನೀಲಿ ಬಣ್ಣ ತುಂಬುವುದು. ಹೊಸಪೇಟೆಗೆ ಯಾಕೆ ಕಳಿಸಬೇಕು, ನಾನೇ ಮಾಡುತ್ತೇನೆ ಎಂದು ವರ್ಷವಿಡೀ ಮಾವನ ಬೆನ್ನು ಹತ್ತಿ, ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿಸಿದ್ದಳು. ಪಕ್ಕದ ಗಿರಣಿ ಮಾಲೀಕರ ಮಗಳ ಮದುವೆಯ ವಿಡಿಯೋ ಅವಳೇ ಮಾಡಿ ತೋರಿಸಬೇಕು. ಆಗದಿದ್ದರೆ ಮಷೀನು ಮಾರಾಟಕ್ಕೆ, ಮಿಕ್ಸಿಂಗ್ ಹೊಸಪೇಟೆಗೆ, ಅವಳು ನೀಲಿ ಬಣ್ಣಕ್ಕೆ.

ಮದುವೆ ಎಂದೋ ಮುಗಿದಿತ್ತು. ಈಗ ಮದುಮಗಳಿಗೆ ಕುಬಸದ, ಎಂದರೆ ಸೀಮಂತದ, ದಿನ ಹತ್ತಿರ ಬರುತ್ತಿತ್ತು. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಕೂರಿಸಿದಾಗ, ಕಲ್ಯಾಣ ಮಂಟಪದ ದೊಡ್ಡ ಎಲ್‌ಇಡಿ ಪರದೆಯ ಮೇಲೆ ಮದುವೆಯ ವಿಡಿಯೋ ಓಡಬೇಕು ಎಂದು ಗಿರಣಿ ಮಾಲೀಕರ ಆಸೆ. ಸ್ಟುಡಿಯೋ ಮಾಲೀಕರು ಮಾತು ಕೊಟ್ಟುಬಿಟ್ಟಿದ್ದರು. ಮಾತು ಕೊಡುವುದು ಆ ಸ್ಟುಡಿಯೋದಲ್ಲಿ ಅವರ ವಿಭಾಗ. ಬಸುರಿಯ ತಿಂಗಳುಗಳನ್ನು ಮುಂದೂಡಲು ಯಾವ ಪಂಚಾಂಗದಲ್ಲೂ ಅವಕಾಶವಿಲ್ಲವೆಂಬುದನ್ನು ಅವರು ಗಮನಿಸಿದಂತಿರಲಿಲ್ಲ.

"ಮಷೀನ್ ಎಂಥಾದ್ದಿರಬೇಕಂದ್ರ ಸರ, ಮ್ಯಾಲಿಂದ ಗುಲಾಬಿ ಹೂವು ಬಿದ್ರ ಎಲ್ಲೂ ತಡೀಬಾರದು," ಎಂದರು ಅವರು. "ಹೊಸಪೇಟಿಯಾಂವ ಹಾಕಿದ್ರ ಝಮ್ ಅಂತ ಬೀಳ್ತಾವ ನೋಡ್ರಿ. ಪಾರಿವಾಳಾನೂ ಹಾರ್ತಾವ."

ಫೋನು ಬಂದು ಅವರು ಹೊರಗೆ ಹೋದರು. ಸೊಸೆ ದನಿ ತಗ್ಗಿಸಿದಳು.

"ಕಾಕಾ, ಗ್ರಾಫಿಕ್ಸ್ ಕಾರ್ಡ್ ದೊಡ್ಡದ ಹಾಕ್ರಿ. ಮಾವಾರ ಮುಂದ ಮಿಕ್ಸಿಂಗ್ ಸಲುವಾಗಿ ಅನ್ರಿ."

"ಮತ್ಯಾತರ ಸಲುವಾಗಿ?"

"ಗೇಮ್ ಆಡ್ತೀನ್ರಿ. ತವರಮನ್ಯಾಗ ನಮ್ಮಣ್ಣನ ಕೂಡ ದಿನಾ ಆಡ್ತಿದ್ದೆ, ಯುದ್ಧದ ಗೇಮು. ಈಗ ಅಂವ ಕುಷ್ಟಗ್ಯಾಗ, ನಾ ಗಂಗಾವತ್ಯಾಗ. ಆನ್‌ಲೈನ್ ಒಳಗ ಕೂಡಿ ಆಡಬಹುದಲ್ರಿ. ಅವನೌನ, ಅಂವನ್ನ ಸೋಲಿಸಿ ವರ್ಷದ ಮ್ಯಾಲಾತು."

ಅಣ್ಣತಂಗಿಯರ ಯುದ್ಧಕ್ಕೆ ಶಸ್ತ್ರ ಒದಗಿಸುವುದು ಧರ್ಮಸಮ್ಮತವೋ ಅಲ್ಲವೋ ಎಂದು ಯೋಚಿಸುವಷ್ಟರಲ್ಲಿ ಮಾವ ಒಳಗೆ ಬಂದರು. ನಾನು ಗಂಭೀರವಾಗಿ, "ಗುಲಾಬಿ ತಡೀಬಾರದಂದ್ರ ದೊಡ್ಡ ಕಾರ್ಡ ಬೇಕಾಗ್ತೈತ್ರಿ," ಎಂದೆ. ಅದು ಪೂರ್ತಿ ಸುಳ್ಳೂ ಅಲ್ಲ.

ಎರಡೂ ಕೆಲಸಕ್ಕೆ ಒಂದೇ ಮಷೀನು ಆರಿಸುವ ಕಷ್ಟ ಹೊರಗಿನವರಿಗೆ ತಿಳಿಯುವುದಿಲ್ಲ. ಮಿಕ್ಸಿಂಗಿಗೆ ಒಟ್ಟೊಟ್ಟಿಗೆ ಹತ್ತಾರು ಕೆಲಸ ಎಳೆಯುವ ಪ್ರೊಸೆಸರ್ ಬೇಕು, ರ‍್ಯಾಮ್ ಧಾರಾಳವಿರಬೇಕು, ಮೂರು ಕ್ಯಾಮೆರಾದ ಚಿತ್ರ ಸರಾಗವಾಗಿ ಓದಬಲ್ಲ ಡಿಸ್ಕ್ ಬೇಕು. ಗೇಮಿಗೆ ಇವೆಲ್ಲ ಅಷ್ಟಕ್ಕಷ್ಟೆ. ಅದು ಕೇಳುವುದು ಗ್ರಾಫಿಕ್ಸ್ ಕಾರ್ಡನ್ನು. ಆ ವರ್ಷ ದೊಡ್ಡ ಕಾರ್ಡುಗಳು ಸಿಗುತ್ತಲೇ ಇರಲಿಲ್ಲ. ಬೆಂಗಳೂರಿನ ವ್ಯಾಪಾರಿಯೊಬ್ಬರನ್ನು ದಿನಬಿಟ್ಟು ದಿನ ಫೋನಿನಲ್ಲಿ ಅಂಗಲಾಚಿ ಒಂದನ್ನು ತರಿಸಿದೆ. ಇಟ್ಟಿಗೆಯಷ್ಟು ಭಾರ, ಇಟ್ಟಿಗೆ ಭಟ್ಟಿಯಷ್ಟು ಶಾಖ. ಶಾಖ ಹೊರಗೆ ಹೋಗಬೇಕು. ಅದಕ್ಕೆ ಗಾಳಿ ಒಳಗೆ ಬರಬೇಕು. ಹಾಗಾಗಿ ಮುಂಭಾಗವೆಲ್ಲ ಜಾಲರಿಯಾಗಿರುವ, ಆರು ಫ್ಯಾನುಗಳ ಕ್ಯಾಬಿನೆಟ್ಟು. ನನ್ನ ಕಾಲದಲ್ಲಿ ಕ್ಯಾಬಿನೆಟ್ಟೆಂದರೆ ತಗಡಿನ ಡಬ್ಬಿ; ಅದರ ಸೌಂದರ್ಯದ ಬಗ್ಗೆ ಯಾರೂ ವಿಚಾರ ಮಾಡುತ್ತಿರಲಿಲ್ಲ. ಇದರ ಫ್ಯಾನುಗಳೋ ಕೆಂಪು, ಹಸಿರು, ನೀಲಿ ಬೆಳಗುತ್ತಿದ್ದವು. ಆದರೆ ನಮ್ಮ ಬಿಸಿಲಿಗೆ ಗಾಳಿ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬುದು ಪುಸ್ತಕದ ಮಾತು. ಪುಸ್ತಕ ಬರೆದವರು ಗಂಗಾವತಿಯ ಗಿರಣಿ ಸಾಲಿನಲ್ಲಿ ಕೂತು ಬರೆದಿರಲಿಲ್ಲ.

ಮಷೀನು ಕೊಟ್ಟು ಬಂದೆ. ಎರಡನೆಯ ವಾರಕ್ಕೆ ಸೊಸೆಯ ಫೋನು.

"ಕಾಕಾ, ತಾಳಿ ಕಟ್ಟಾಕತ್ತಿದ್ದಾಗ ಮಷೀನ್ ಬಂದ್ ಆತ್ರಿ."

ಕತ್ತರಿಸಿ ಜೋಡಿಸಿದ್ದನ್ನೆಲ್ಲ ಕಂಪ್ಯೂಟರ್ ಕೊನೆಗೆ ಒಂದೇ ವಿಡಿಯೋ ಆಗಿ ಬೇಯಿಸಿ ಕೊಡಬೇಕು. ಅದಕ್ಕೆ ರೆಂಡರ್ ಎನ್ನುತ್ತಾರೆ. ಗಂಟೆಗಟ್ಟಲೆ ಹಿಡಿಯುವ ಕೆಲಸ. ಅರ್ಧದಲ್ಲಿ ಮಷೀನು ಆರಿದರೆ ಅಷ್ಟೂ ನೀರಿಗೆ ಹೋದಂತೆ. ಮತ್ತೆ ಅರಿಶಿಣದಿಂದಲೇ ಶುರು.

ಹಠಾತ್ತನೆ ಆರಿತೆಂದರೆ ನಮ್ಮ ಕಸುಬಿನವರು ಮೊದಲು ಅನುಮಾನಿಸುವುದು ಎಸ್‌ಎಂಪಿಎಸ್ಸನ್ನು, ಎಂದರೆ ಒಳಗಿನ ಎಲ್ಲಕ್ಕೂ ಕರೆಂಟು ಹಂಚುವ ಡಬ್ಬಿಯನ್ನು. ಹೊಸದೊಂದನ್ನು ಚೀಲದಲ್ಲಿಟ್ಟುಕೊಂಡು ಗಿಣಿಗೇರಿ ದಾಟಿ ಗಂಗಾವತಿಗೆ ಹೋದೆ. ಮಷೀನು ಬಿಚ್ಚಿ, ಪದ್ಧತಿಯಂತೆ ಮೊದಲು ಬ್ಲೋವರಿನಿಂದ ಧೂಳು ಊದಿ, ಡಬ್ಬಿ ಬದಲಿಸಿದೆ. ಸಲೀಸಾಗಿ ಓಡಿತು. ಕೆಲವು ದಿನ ಕಳೆದ ಮೇಲೆ ಮತ್ತೆ ಆರಿತು. ರ‍್ಯಾಮ್ ತೆಗೆದುಕೊಂಡು ಹೋದೆ. ಊದಿದೆ, ಬದಲಿಸಿದೆ, ಓಡಿತು, ಆರಿತು. ಮಷೀನನ್ನೇ ಹೊತ್ತುಕೊಂಡು ಕೊಪ್ಪಳಕ್ಕೆ ತಂದೆ. ನನ್ನ ಮೇಜಿನ ಮೇಲೆ ಅದು ಹಗಲೆಲ್ಲ ದುಡಿದು, ಸುಸಂಸ್ಕೃತ ಮನೆತನದ ಕೂಸಿನಂತೆ ವರ್ತಿಸಿತು. ಗಂಗಾವತಿಗೆ ಮರಳಿದ ವಾರದೊಳಗೆ ಮತ್ತೆ ತನ್ನ ಗುಣ ತೋರಿಸಿತು.

ಪ್ರೊಸೆಸರಿನ ಶಾಖ ನೋಡಿದೆ, ಮರ್ಯಾದೆಯೊಳಗೇ ಇತ್ತು. ಉಳಿದದ್ದು ಆ ದೊಡ್ಡ ಕಾರ್ಡು. ಅದನ್ನು ತೆಗೆದು ನನ್ನ ಅಂಗಡಿಯ ಹಳೆಯ ಸಣ್ಣ ಕಾರ್ಡು ಹಾಕಿದೆ. ಆರಲಿಲ್ಲ! ಕಳ್ಳ ಸಿಕ್ಕ ಎಂದು ಹಿಗ್ಗಿ, ಅದನ್ನು ಕಂಪನಿಯ ಸರ್ವಿಸ್ ಸೆಂಟರಿಗೆ ಕಳಿಸಿದೆ. ಅದು ಹೋಗಿ ಬರುವವರೆಗೆ ಸಣ್ಣ ಕಾರ್ಡಿನಲ್ಲಿ ಗುಲಾಬಿಗಳು ಒಂದೊಂದಾಗಿ, ಸತ್ತವರ ಮೇಲೆ ಬೀಳುವಂತೆ ಬೀಳುತ್ತಿದ್ದವು. ಮಾವನಿಗೆ ನೋಡಲಾಗಲಿಲ್ಲ. ಕೊನೆಗೆ ಕಾರ್ಡು ಬಂತು, ಜೊತೆಗೊಂದು ಚೀಟಿ: ದೋಷ ಕಂಡುಬಂದಿಲ್ಲ. ಹಾಕಿದೆ. ವಾರ ದಾಟಲಿಲ್ಲ, ತಾಳಿಯ ಹತ್ತಿರವೇ ಆರಿತು.

ಇಷ್ಟರಲ್ಲಿ ಕುಬಸ ಬರುವ ಭಾನುವಾರಕ್ಕೆ ನಿಗದಿಯಾಗಿತ್ತು. ನನಗೆ ಊಟ ಸೇರುತ್ತಿರಲಿಲ್ಲ. ಜೋಡಿಸಿದ ಮಷೀನು ಯಾಕೆ ಸಾಯುತ್ತದೆಂದು ತಿಳಿಯದವನು ಇನ್ನೊಂದನ್ನು ಯಾವ ಮುಖದಿಂದ ಜೋಡಿಸಬೇಕು? ಬೇರೆ ಗಿರಾಕಿಗಳು ಬಂದರೆ, ಕಂಪನಿಯವರೇ ಜೋಡಿಸಿದ್ದನ್ನು ಕೊಳ್ಳಿರಿ ಎಂದು ಹೇಳತೊಡಗಿದ್ದೆ. ನನ್ನ ವ್ಯಾಪಾರವನ್ನು ನಾನೇ ಹೀಗೆ ಶ್ರದ್ಧೆಯಿಂದ ಮುಳುಗಿಸುತ್ತಿರುವಾಗ ಮಾವನ ಫೋನು ಬಂತು.

"ಸರ, ಸಾಕ್ರಿ. ಶುಕ್ರವಾರ ಸಂಜಿಗೆ ಹೊಸಪೇಟಿಯಾಂವ ಬಂದು ಹಾರ್ಡ್ ಡಿಸ್ಕ್ ಒಯ್ತೀನಿ ಅಂದಾನ. ನೀವು ಮಷೀನ್ ಒಯ್ದು ಯಾರಿಗಾರ ಮಾರಿ ಕೊಡ್ರಿ."

"ಸೊಸಿ ಏನಂತಾಳ್ರಿ?"

"ಏನಂತಾಳ? ಮುಂಜಾನಿಂದ ಯಾರ್ದೋ ಫೋಟೋಕ್ಕ ನೀಲಿ ಬಣ್ಣ ಹಚ್ಚಾಕತ್ತಾಳ."

ಗುರುವಾರ ಬೆಳಗಿನ ಬಸ್ಸಿಗೆ ಹೊರಟೆ. ಈ ಸಲ ಚೀಲದಲ್ಲಿ ಹೊಸ ಭಾಗಗಳೇನೂ ಇರಲಿಲ್ಲ. ಹಳೆಯ ಸಣ್ಣ ಕಾರ್ಡು, ಸ್ಕ್ರೂಡ್ರೈವರು, ಅಷ್ಟೆ. ಅನುಮಾನಿಸಲು ಇನ್ನಾವ ಭಾಗವೂ ಉಳಿದಿರಲಿಲ್ಲ. ಏನನ್ನೂ ಮುಟ್ಟದೆ, ಏನನ್ನೂ ಊದದೆ ಅದರ ಮುಂದೆ ಸುಮ್ಮನೆ ಕೂರುವುದೆಂದು ನಿಶ್ಚಯಿಸಿದ್ದೆ. ಸೊಸೆ ರೆಂಡರ್ ಹಚ್ಚಿದಳು. ಮಧ್ಯಾಹ್ನದ ಹೊತ್ತಿಗೆ ಮಷೀನು ಆರಿತು. ಆರಿದ ಪರದೆಯಲ್ಲಿ ನಮ್ಮಿಬ್ಬರ ಮುಖ ಕಾಣುತ್ತಿತ್ತು. ಎರಡೂ ನೋಡುವಂತಿರಲಿಲ್ಲ.

"ಹೋಗ್ಲಿ ಬಿಡ್ರಿ ಕಾಕಾ," ಎಂದಳು. "ನೀವರ ಎಷ್ಟ್ ಸಲ ಬಸ್ ಹತ್ತೀರಿ."

ಬಿಡಲು ಮನಸ್ಸಾಗಲಿಲ್ಲ. ತಣ್ಣಗಾದ ಮೇಲೆ ಮತ್ತೆ ಹಚ್ಚಿಸಿದೆ.

ಹೊತ್ತು ಮುಳುಗುವಾಗ ಬಾಗಿಲಲ್ಲಿ ಫಕೀರರು ನಿಂತರು. ಕೈಯಲ್ಲಿ ಕೆಂಡದ ಧೂಪದಾನಿ, ಹೆಗಲ ಮೇಲೆ ನವಿಲುಗರಿಯ ಕಟ್ಟು. ಗುರುವಾರ ಸಂಜೆ ಅಂಗಡಿ ಅಂಗಡಿಗೆ ಬಂದು ಲೋಬಾನದ ಹೊಗೆ ಹಾಕಿ ಹೋಗುವುದು ನಮ್ಮ ಕಡೆ ಹೊಸದಲ್ಲ. ಗೋಡೆಯ ಮೇಲೆ ಯಾವ ದೇವರ ಪಟವಿದ್ದರೂ ಹೊಗೆ ಭೇದ ಎಣಿಸುವುದಿಲ್ಲ. ನನ್ನ ಅಂಗಡಿಗೂ ಒಬ್ಬರು ಬರುತ್ತಾರೆ; ಹೊಸಿಲಲ್ಲೇ ಹೊಗೆ ಹಾಕಿ ಮುಂದೆ ಹೋಗುತ್ತಾರೆ. ಇವರು ಹಾಗೆ ಹೋಗಲಿಲ್ಲ. ಮಾವ ಎದ್ದು ನಿಂತು ಕೈಮುಗಿದು ಅವರನ್ನು ನೇರವಾಗಿ ಮಷೀನಿನ ಹತ್ತಿರವೇ ಕರೆತಂದರು.

"ಬಾಬಾ, ಇದಕ್ಕ ಇನ್ನೂ ಜರಾ ಜಾಸ್ತಿ ಹಾಕ್ರಿ. ತಬ್ಯೇತ್ ಸುಧಾರಿಸವಲ್ದು."

"ಹೋದ ವಾರಾನೂ ಜಾಸ್ತೀನ ಹಾಕೀನಲ್ರಿ ಮಾಲಕ," ಎಂದರು ಫಕೀರರು. "ಯಾರದೋ ಭಾಳ ಖರಾಬ್ ನಜರ್ ಬಿದ್ದೈತಿ."

ಅವರು ಕ್ಯಾಬಿನೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕೆಂಡದ ಮೇಲೆ ಒಂದು ಹಿಡಿ ಲೋಬಾನ ಚೆಲ್ಲಿ, ನವಿಲುಗರಿಯಿಂದ ಬೀಸಿದರು. ದಟ್ಟ ಹೊಗೆ ಎದ್ದಿತು. ಎದ್ದು ಮೇಲೆ ಹೋಗಲಿಲ್ಲ. ಅಲ್ಲಿಯೇ ಬಾಗಿ, ಹಗ್ಗ ಹೊಸೆದಂತೆ ಹೊಸೆದುಕೊಂಡು, ಜಾಲರಿಯ ಮೂಲಕ ಮಷೀನಿನ ಒಳಗೆ ಹೋಯಿತು. ಆರು ಫ್ಯಾನುಗಳು ಕೆಂಪು, ಹಸಿರು, ನೀಲಿ ಬೆಳಗುತ್ತ ಅಷ್ಟನ್ನೂ ಕುಡಿದವು. ಕೋಣೆಯಲ್ಲಿ ಕೂತ ನಮಗೆ ಒಂದು ಕೆಮ್ಮೂ ಬರಲಿಲ್ಲ.

ಫಕೀರರು ಹೋದ ಮೇಲೆ ಮಷೀನು ಆರಿಸಿ ಕಾರ್ಡನ್ನು ಕಿತ್ತೆ. ಶಾಖ ಹೊರಹಾಕುವ ಅಲ್ಯೂಮಿನಿಯಂ ಪದರಗಳ ನಡುವೆ ಆಳದಲ್ಲಿ ಉಗುರು ಹಾಕಿ ಕೆರೆದೆ. ಕಂದು ಬಣ್ಣದ ಅಂಟು ಬಂತು. ಬೆರಳಲ್ಲಿ ತಿಕ್ಕಿದರೆ ಕಣ ಕಣ. ಮೂಸಿದರೆ ಗಿರಣಿ ಮತ್ತು ದರ್ಗಾ ಎರಡೂ. ಗಿರಣಿಯಿಂದ ಹಾರಿ ಬರುವ ತೌಡಿನ ಧೂಳಿನಲ್ಲಿ ಮೊದಲೇ ಎಣ್ಣೆಯಂಶ. ಅದರ ಮೇಲೆ ಲೋಬಾನದ ಮೇಣ. ಎರಡೂ ಕೂಡಿ ಒಳಗೊಂದು ಕಂಬಳಿ ನೇಯ್ದಿದ್ದವು. ಕಾರ್ಡಿನಲ್ಲಿ ಕರೆಂಟು ಹಾಯುವ ಸಣ್ಣ ಬಿಲ್ಲೆಗಳು ಈ ಕಂಬಳಿಯ ಅಡಿಯಲ್ಲೇ ಬೇಯುತ್ತಿದ್ದವು, ಅವುಗಳ ಶಾಖ ಯಾವ ಪರದೆಯಲ್ಲೂ ಕಾಣುವುದಿಲ್ಲ. ನಾನು ಬಂದಾಗೊಮ್ಮೆ ಊದಿದ್ದಕ್ಕೆ ಮೇಲಿನ ಸಡಿಲ ಧೂಳು ಹೋಗಿ ಕೆಲವು ದಿನ ಉಸಿರಾಡುತ್ತಿತ್ತು. ಆ ಪುಣ್ಯವನ್ನು ಹೊಸ ಡಬ್ಬಿಗೆ, ಹೊಸ ರ‍್ಯಾಮಿಗೆ ಬರೆಯುತ್ತಿದ್ದೆ. ಮಷೀನು ಆರಿದಂತೆಲ್ಲ ಮಾವ ಹೊಗೆ ಹೆಚ್ಚಿಸಿದ್ದರು, ಹೊಗೆ ಹೆಚ್ಚಿದಂತೆಲ್ಲ ಮಷೀನು ಆರಿತ್ತು.

ಮಾವನಿಗೆ ಬೆರಳು ತೋರಿಸಿದೆ. ಮೂಸಿ ನೋಡಿದರು.

"ಬಾಬಾಗ ಬರಬ್ಯಾಡ್ರಿ ಅನ್ನಾಕ ನನ್ನ ಬಾಯಿ ಬರೂದಿಲ್ಲ ಸರ. ನಮ್ಮಪ್ಪನ ಕಾಲದಿಂದ ಬರ್ತಾರ. ಗಿರಣಿ ಬಂದ್ ಮಾಡ್ರಿ ಅಂತ ಗಿರಣಿಯವರಿಗೆ ಹೆಂಗ ಹೇಳೂದು? ಅವ್ರದ ಕುಬಸ."

ಧೂಳೂ ನಿಲ್ಲುವುದಿಲ್ಲ, ಹೊಗೆಯೂ ನಿಲ್ಲುವುದಿಲ್ಲ. ಈ ಕಂಬಳಿಯನ್ನು ಪದರ ಪದರ ಬಿಡಿಸಿ ತೊಳೆಯುವಷ್ಟು ಪುರುಸೊತ್ತೂ ಇಲ್ಲ. ನನ್ನ ಎಲ್ಲ ಓಡಾಟದಲ್ಲಿ ಆಗಲೇ ನಾನು ಮೊದಲ ಬಾರಿಗೆ ಸರಿಯಾದ ಪ್ರಶ್ನೆ ಕೇಳಿಕೊಂಡದ್ದು: ಈ ಕೋಣೆಗೆ ಎಂಥ ಮಷೀನು ಬೇಕು? ಗಾಳಿ ಕಡಿಮೆ ಕೇಳುವಂಥದ್ದು. ಗಾಳಿ ಕಡಿಮೆಯೆಂದರೆ ಶಾಖ ಕಡಿಮೆ ಇರಬೇಕು. ಶಾಖ ಕಡಿಮೆಯೆಂದರೆ ವೇಗ ಕಡಿಮೆ. ವೇಗವಾಗಿ ಸಾಯುವುದಕ್ಕಿಂತ ನಿಧಾನವಾಗಿ ಮುಗಿಸುವ ಮಷೀನು. ಅಂದರೆ ದೊಡ್ಡ ಕಾರ್ಡು ಹೊರಗೆ.

ಸೊಸೆಯ ಮುಖ ನೋಡಿದೆ. ನನಗಿಂತ ಮೊದಲೇ ಅವಳಿಗೆ ತಿಳಿದಿತ್ತು.

"ತಗೀರಿ ಕಾಕಾ."

"ಹಂಗಾರ ಅಷ್ಟ್ ದೊಡ್ಡ ಕಾರ್ಡ್ ಯಾಕ ಬೇಕಾಗಿತ್ತು?" ಎಂದರು ಮಾವ.

ನಾನು ಸ್ಕ್ರೂಡ್ರೈವರನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದೆ.

"ಗೇಮ್ ಆಡಾಕ್ರಿ ಮಾವಾರ," ಎಂದಳು ಸೊಸೆ. "ನಮ್ಮಣ್ಣನ ಕೂಡ. ನಾನ ಹೇಳಿ ಹಾಕಸೀನಿ. ಕಾಕಾರದ ತಪ್ಪಿಲ್ಲ."

ಮಾವ ಕುರ್ಚಿ ಎಳೆದುಕೊಂಡು ಕೂತರು. "ಯಾತರ ಗೇಮು?"

"ಯುದ್ಧದ್ದು."

"ಗೆದ್ರ ಏನ್ ಕೊಡ್ತಾರ?"

"ಏನೂ ಕೊಡೂದಿಲ್ರಿ."

"ಮದುವಿ ವಿಡಿಯೋ ಮಾಡಿದಂಗ ಆತು ಬಿಡು," ಎಂದು ನಿಟ್ಟುಸಿರು ಬಿಟ್ಟರು. ಅದು ಕ್ಷಮೆಯೋ, ವ್ಯಾಪಾರದ ಬಗೆಗಿನ ಅಭಿಪ್ರಾಯವೋ ತಿಳಿಯಲಿಲ್ಲ. ಹೊಸಪೇಟೆಯವರಿಗೆ ಬರಬೇಡಿ ಎಂದು ಫೋನು ಮಾತ್ರ ಮಾಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಸ್ಟುಡಿಯೋದ ಅಟ್ಟದಿಂದ, ಹಿಂದೆ ಬಿಲ್ಲು ಬರೆಯುತ್ತಿದ್ದ ಕಂಪ್ಯೂಟರಿನ ತಗಡಿನ ಡಬ್ಬಿ ಇಳಿಸಿದೆವು. ಮದರ್‌ಬೋರ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ, ಅದರೊಳಗೆ ಕೂರಿಸಿದೆ. ಪ್ರೊಸೆಸರಿನ ಮೇಲಿದ್ದ ಎತ್ತರದ ಕೂಲರು ಆ ಡಬ್ಬಿಗೆ ಹಿಡಿಯಲಿಲ್ಲ. ಗಂಗಾವತಿಯಲ್ಲೇ ಸಿಕ್ಕ ಗಿಡ್ಡದೊಂದನ್ನು ಹಾಕಿ, ಅದು ತಡೆಯುವಷ್ಟಕ್ಕೇ ಪ್ರೊಸೆಸರಿನ ವೇಗಕ್ಕೆ ಮೂಗುದಾರ ಬಿಗಿದೆ. ಸಣ್ಣ ಕಾರ್ಡು. ಒಂದೇ ಫ್ಯಾನು. ಗಾಳಿ ಬರುವ ಕಿಂಡಿಗೆ ಎರಡು ಮಡಿಕೆಯ ಮಲ್ ಬಟ್ಟೆ. ಇಪ್ಪತ್ತು ವರ್ಷ ಹಳೆಯ ಚಹರೆಯ ಆ ಡಬ್ಬಿಯನ್ನು ನೋಡಿ, ಬಾಯಿಬಿಟ್ಟು ಹೇಳದಿದ್ದರೂ, ನನಗೆ ಸ್ವಲ್ಪ ಸಂತೋಷವಾಯಿತು.

ಮುಂದಿನ ಬುದ್ಧಿ ಸೊಸೆಯದು. "ಪೂರಾ ಮದುವಿ ಒಮ್ಮಿಗೆ ಬ್ಯಾಡ್ರಿ ಕಾಕಾ. ಅರಿಶಿಣ ಬ್ಯಾರೆ, ಸುರಗಿ ಬ್ಯಾರೆ, ಅಕ್ಕಿಕಾಳು ಬ್ಯಾರೆ, ಭೂಮದ ಊಟ ಬ್ಯಾರೆ ಮಾಡ್ತೀನಿ. ಆರಿದ್ರ ಅದೊಂದ ಹೋಗ್ಲಿ. ಕಡೀಕ ಜೋಡಿಸಿದ್ರಾತು." ನಂತರ ಸಣ್ಣ ಕಾರ್ಡಿಗೆ ಭಾರವಾಗುತ್ತಿದ್ದ ಹೂವಿಗೆ ಕೈಹಾಕಿದಳು.

"ಗುಲಾಬಿನೂ ತಗೀತಿ?" ಎಂದರು ಮಾವ.

"ಹೂನ್ರಿ."

"ಒಂದರ ಪಾರಿವಾಳ?"

"ಒಂದೂ ಇರೂದಿಲ್ರಿ ಮಾವಾರ."

ಮಾವ ಹೊರಗೆ ಹೋಗಿ ನಿಂತರು.

ಅರಿಶಿಣ ಮುಗಿಯಲು ಮಧ್ಯಾಹ್ನವಾಯಿತು. ಮದುಮಕ್ಕಳಿಗೆ ನೀರೆರೆಯುವ ಸುರಗಿ ಸಂಜೆಯವರೆಗೆ ಎಳೆಯಿತು. ತಾಳಿ ಕಟ್ಟಿ ಅಕ್ಷತೆ ಹಾಕುವ ಅಕ್ಕಿಕಾಳು ನಡೆದಿರುವಾಗ ಹೊಸಪೇಟೆಯ ಮಿಕ್ಸಿಂಗಿನವರು ಮೋಟಾರ್ ಸೈಕಲ್ಲಿನ ಮೇಲೆ ಬಂದರು. ಸಭ್ಯರು. "ಡಿಸ್ಕ್ ಕೊಡ್ರಿ, ಕತ್ತಲಾಗೂದ್ರಾಗ ಹೋಗಬೇಕು," ಎಂದರು. ಮಾವ ಡಿಸ್ಕಿನ ಮೇಲೆ ಕೈ ಇಟ್ಟರು. ಸೊಸೆ ತಿರುಗಿ ನೋಡಲಿಲ್ಲ. ಅವಳ ಕಣ್ಣು ಪರದೆಯಲ್ಲಿ ರೆಂಡರ್ ಎಷ್ಟಾಯಿತೆಂದು ತೋರಿಸುವ ಗೆರೆಯ ಮೇಲಿತ್ತು. ಗೆರೆ ತಾಳಿಯ ಹತ್ತಿರ ಬರುತ್ತಿತ್ತು. ಡಬ್ಬಿಯ ಮೇಲೆ ಅಂಗೈ ಇಟ್ಟು ನೋಡಿದೆ: ಜ್ವರವಿತ್ತು, ಸನ್ನಿಯಿರಲಿಲ್ಲ. ಪರದೆಯಲ್ಲಿ ಮದುಮಗ ಕೈ ಎತ್ತಿದ. ನಾಲ್ಕೂ ಜನ ಉಸಿರು ಹಿಡಿದು ನಿಂತೆವು. ಅಸಲು ಮದುವೆಯಲ್ಲೂ ಆ ಮುಹೂರ್ತವನ್ನು ಯಾರೂ ಅಷ್ಟು ಭಕ್ತಿಯಿಂದ ನೋಡಿರಲಿಕ್ಕಿಲ್ಲ. ತಾಳಿ ಕೊರಳಿಗೆ ಬಿತ್ತು. ಗೆರೆ ಮುಂದೆ ಹೋಯಿತು.

ಮಾವ ಡಿಸ್ಕಿನ ಮೇಲಿಂದ ಕೈ ತೆಗೆಯದೆ, "ಬಂದೀರಿ, ಚಾ ಕುಡುದು ಹೋಗ್ರಿ," ಎಂದರು ಹೊಸಪೇಟೆಯವರಿಗೆ.

ಶನಿವಾರ ಮಷೀನು ಒಂದು ಸಲ ಆರಿತು; ಕರೆಂಟು ಹೋದದ್ದಕ್ಕೆ. ಯುಪಿಎಸ್ಸು ಕೈಕೊಟ್ಟಿತ್ತು. ಬೀಗರೆಲ್ಲ ಕೂಡಿ ಉಣ್ಣುವ ಭೂಮದ ಊಟ ಮತ್ತೆ ಮೊದಲಿನಿಂದ ಶುರುವಾಗಿ, ಭಾನುವಾರ ಮಂಟಪಕ್ಕೆ ಹೊರಡುವ ಹೊತ್ತಿಗೂ ಮುಗಿದಿರಲಿಲ್ಲ. ಸೊಸೆ ಇದ್ದಷ್ಟನ್ನು ಜೋಡಿಸಿ ಪೆನ್‌ಡ್ರೈವಿಗೆ ಹಾಕಿಕೊಂಡಳು.

ಹಸಿರು ಸೀರೆಯ ಬಸುರಿ ವೇದಿಕೆಯ ಮೇಲೆ ಕೂತಿದ್ದಳು. ಪರದೆಯ ಮೇಲೆ ಅವಳ ಮದುವೆ ಹೂವಿಲ್ಲದೆ, ಹಕ್ಕಿಯಿಲ್ಲದೆ ಓಡಿತು. ಮುಖಗಳು ಮಾತ್ರ ಇದ್ದವು: ಸುರಗಿಯ ನೀರಿಗೆ ಬೆಚ್ಚಿದ ಮದುಮಗ, ಅಕ್ಕಿಕಾಳು ಎಸೆಯುತ್ತ ಅಳುತ್ತಿದ್ದ ಅವಳ ತಂದೆ. ಸಭೆ ಊಟದ ಗದ್ದಲ ಮರೆತು ನೋಡಿತು. ಅಕ್ಕಿಕಾಳಿಗೇ ವಿಡಿಯೋ ಮುಗಿಯಿತು. ಗಿರಣಿ ಮಾಲೀಕರು ಕಣ್ಣೊರೆಸಿಕೊಂಡು ನೇರ ನಮ್ಮ ಕಡೆ ಬಂದರು.

"ಏನ್ರೀ ಇದು, ಭೂಮದ ಊಟಾನ ಇಲ್ಲ! ಬೀಗರು ಕೇಳಾಕತ್ತಾರ. ಎಲ್ಲಿ ಮಾಡಿಸೀರಿ ಈ ಮಿಕ್ಸಿಂಗು?"

ಮಾವ ನನ್ನನ್ನು ನೋಡಿದರು. ನಾನು ಮಂಟಪದ ಛಾವಣಿ ನೋಡಿದೆ.

"ಮಾಡಿದಾಕಿ ಇಲ್ಲೇ ನಿಂತಾಳ್ರಿ," ಎಂದರು ಮಾವ. "ಆಕೀನ್ನ ಕೇಳ್ರಿ."

"ಊಟ ಇನ್ನಾ ಬೇಯಾಕತ್ತೈತ್ರಿ ಮಾಲಕರ," ಎಂದಳು ಸೊಸೆ. "ನಾಳಿಗೆ ಬಡಸ್ತೀನಿ."

ಗಿರಣಿ ಮಾಲೀಕರು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನೀ ಮಾಡಿದೇನವಾ ತಂಗಿ? ನಾ ಅತ್ತಿದ್ದೂ ಹಾಕಿಬಿಟ್ಟಿ? ಇರಲಿ. ಇವತ್ತಿನ ಕುಬಸದ್ದೂ ನೀನ ಮಾಡು. ಕೂಸು ಸಾಲಿಗೆ ಹೋಗೂದ್ರಾಗ ಕೊಟ್ರ ಸಾಕು."

"ಅಯ್ಯ, ಅಷ್ಟ್ಯಾಕ್ರಿ, ನಾವು ಬರೂ ವಾರಾನ..." ಎಂದು ಮಾವ ಶುರುಮಾಡಿದರು.

"ಒಂದ್ ತಿಂಗಳು ಬೇಕ್ರಿ," ಎಂದಳು ಸೊಸೆ.

ಮಾವ ಅವಳ ಕಡೆ ನೋಡಿದರು. "ಹೂನ್ರಿ," ಎಂದರು ಗಿರಣಿ ಮಾಲೀಕರಿಗೆ. "ಆಕಿ ಹೇಳಿದಷ್ಟ ಬೇಕು."